ಸೋಯಾ ಹೊಲದಲ್ಲಿ ಐದು ಥರದ ಬಸವನ ಹುಳು. ಎಲ್ಲ ಒಂದೇ ಜಾತೀನಾ?

ಭಾಲ್ಕಿ ಸೋಯಾ
ಎಲ್ಲರಿಗೂ ಶರಣು. ನಮ್ಮದು ಭಾಲ್ಕಿ ತಾಲೂಕು, ನಾಲ್ಕು ಎಕರೆ ಸೋಯಾಬೀನ್. ಮಿರಗ ಮಳೆ ಚಲೋ ಆಯಿತು, ಬಿತ್ತಿದೆವು, ಎರಡೆಲೆ ಬಂತು. ಒಂದು ದಿನ ಬೆಳಿಗ್ಗೆ ಹೋಗಿ ನೋಡಿದರೆ ಬದುವಿನ ಕಡೆಯ ಆರು ಸಾಲು ಬೋಳು. ಬರೀ ದಂಟು ನಿಂತಿದೆ. ಹಂದಿ ಇರಬೇಕು ಅಂದುಕೊಂಡೆ. ರಾತ್ರಿ ಬ್ಯಾಟರಿ ಹಿಡಿದು ಹೋದಾಗ ಕಳ್ಳರು ಸಿಕ್ಕರು. ಬಸವನ ಹುಳು! ಕಾಲಿಡಲು ಜಾಗ ಇಲ್ಲ.

ಔಷಧದ ಅಂಗಡಿಯಲ್ಲಿ ಕೇಳಿದೆ. "ಎಲ್ಲ ಒಂದೇ ಹುಳ, ಇದನ್ನ ಹೊಡೀರಿ" ಅಂತ ಒಂದು ಡಬ್ಬಿ ಕೊಟ್ಟ. ಹೊಡೆದೆ. ಮರುದಿನ ರಾತ್ರಿ ಅದೇ ಎಲೆ ಮೇಲೆ ಆರಾಮಾಗಿ ಓಡಾಡುತ್ತಿದ್ದವು.

ಮಗಳು ಒಂಬತ್ತನೇ ಕ್ಲಾಸು. ಬಕೆಟ್ಟಿನಲ್ಲಿ ಹಿಡಿದು ತಂದಿದ್ದನ್ನೆಲ್ಲ ಕಟ್ಟೆ ಮೇಲೆ ಸಾಲಾಗಿ ಇಟ್ಟು "ಅಪ್ಪಾ, ಐದು ಥರ ಇವೆ" ಅಂದಳು. ಫೋಟೋ ಹಾಕಿದ್ದೇನೆ.
ಒಂದು, ಕೈಬೆರಳುದ್ದ, ಮೊನಚು ಚಿಪ್ಪು, ಮೇಲೆ ಕಂದು ಪಟ್ಟೆ. ಎರಡು, ನಾಣ್ಯದಷ್ಟು, ಚಪ್ಪಟೆ, ಎಣ್ಣೆ ಸವರಿದ ಹಾಗೆ ಹೊಳೆಯುತ್ತದೆ. ಮೂರು, ಅಕ್ಕಿಕಾಳಿನಂಥದ್ದು. ನಾಲ್ಕು, ಕಪ್ಪು, ಚಿಪ್ಪೇ ಇಲ್ಲ, ನಮ್ಮವ್ವ ಇದನ್ನು ಜಿಗಳೆ ಅನ್ನುತ್ತಾಳೆ. ಐದು, ಕೃಷಿ ಹೊಂಡದಿಂದ ತಂದದ್ದು, ದುಂಡಗೆ, ಬಾಯಿಗೆ ಮುಚ್ಚಳ ಇದೆ.

ಇವೆಲ್ಲ ಒಂದೇನಾ? ಸೋಯಾ ತಿನ್ನುವುದು ಯಾವುದು?

ಕಾರಂಜಾ ಕಾಲುವೆ
ಉಪ್ಪು ಹಾಕಿ. ಮುಗೀತು.

ಎರಿ ಹೊಲ
ಮುಗಿಯುವುದು ಹೊಲ! ನಾಲ್ಕು ಎಕರೆಗೆ ಉಪ್ಪು ಚೆಲ್ಲಿದರೆ ಮುಂದಿನ ವರ್ಷ ಏನು ಬೆಳೀತೀರಿ ಕಾಕಾ? ಬಕೆಟ್ಟಿನ ನೀರಿಗೆ ಉಪ್ಪು ಹಾಕಿ, ಆರಿಸಿದ್ದನ್ನು ಅದರಲ್ಲಿ ಹಾಕಿ. ಸತ್ತ ಮೇಲೆ ದೂರದಲ್ಲಿ ಗುಂಡಿ ತೆಗೆದು ಮುಚ್ಚಿ.

ಔರಾದ್ ಗಡಿ
ನಾವು ಗೋಗಲಗಾಯ ಅನ್ನುತ್ತೇವೆ. ಗಡಿಯಲ್ಲಿ ಇರುವವರಿಗೆ ಕನ್ನಡ ಮರಾಠಿ ಎರಡೂ ಒಂದೇ ಚೀಲದಲ್ಲಿ. 2022ರ ಮಳೆಗಾಲದಲ್ಲಿ ಲಾತೂರ್ ಕಡೆ ಇದೇ ಕಥೆ. ನಮ್ಮ ಬೀಗರು ಎರಡು ಸಲ ಬಿತ್ತಿದರು. ಸಾಲು ಮೇಲೆ ಸಾಲು ಮೊಳಕೆ ಮಾಯ. ಒಂದು ಮಾತು ನೆನಪಿರಲಿ, ಗಿಡಕ್ಕೆ ಇಪ್ಪತ್ತು ದಿನ ಆಗುವವರೆಗೆ ಕಾದುಕೊಳ್ಳಿ. ದಂಟು ಗಟ್ಟಿಯಾದ ಮೇಲೆ ಅಷ್ಟು ಹಾನಿ ಇಲ್ಲ.

ಬೀದರ್ ಚೌಬಾರಾ
ಉರ್ದುವಿನಲ್ಲಿ ಘೋಂಘಾ. ನಮ್ಮ ಓಣಿಯಲ್ಲಿ ಮೂರು ಭಾಷೆ ಮಾತಾಡುತ್ತಾರೆ, ಮೂರರಲ್ಲೂ ಇದಕ್ಕೆ ಹೆಸರು ಇದೆ, ಮೂರರಲ್ಲೂ ಐದಕ್ಕೂ ಒಂದೇ ಹೆಸರು. ಪ್ರಶ್ನೆಗೆ ಉತ್ತರ ಅಲ್ಲಿ ಸಿಗುವುದಿಲ್ಲ ಅಣ್ಣಾ.

ಜೀವಶಾಸ್ತ್ರ ಮಾಸ್ತರ್
ಮೊದಲು ಆ ಡಬ್ಬಿ ವಿಷಯ. ಕೀಟನಾಶಕ ಕೆಲಸ ಮಾಡುವುದು ಕೀಟದ ಮೇಲೆ. ಬಸವನ ಹುಳು ಕೀಟ ಅಲ್ಲ. ಹೆಸರಲ್ಲಿ ಹುಳು ಇದೆ, ಆದರೆ ಹುಳುವೂ ಅಲ್ಲ. ಮೃದ್ವಂಗಿ. ಸಮುದ್ರದ ಶಂಖ, ಕಪ್ಪೆಚಿಪ್ಪು, ಆಕ್ಟೋಪಸ್ ಇವುಗಳ ಬಳಗ. ಎರಡು ಕೊಂಬು ನೋಡಿ ನಮ್ಮ ಹಿರಿಯರು ಬಸವಣ್ಣನ ಹೆಸರಿಟ್ಟರು, ಅಷ್ಟೇ.

ಈಗ ನಿಮ್ಮ ಮಗಳ ಸಾಲು. ಶಹಬ್ಬಾಸ್ ಹೇಳಿ ಅವಳಿಗೆ. ಫೋಟೋ ನೋಡಿದರೆ ಒಂದನೆಯದು ಆಫ್ರಿಕಾದ ದೈತ್ಯ ಬಸವನ ಹುಳು, ಪೇಪರಿನಲ್ಲಿ ಶಂಖದ ಹುಳು ಅಂತ ಬರುತ್ತದಲ್ಲ, ಅದು. ಮುಖ್ಯ ಕಳ್ಳ ಇದೇ. ಒಂದು ಸಲಕ್ಕೆ ನೂರಾರು ಮೊಟ್ಟೆ ಮಣ್ಣಿನಲ್ಲಿ ಇಡುತ್ತದೆ. ಗಂಡು ಹೆಣ್ಣು ಬೇರೆ ಇಲ್ಲ, ಒಂದೇ ಮೈಯಲ್ಲಿ ಎರಡೂ. ಅಂದರೆ ಹೊಲದಲ್ಲಿ ಕಂಡ ಪ್ರತಿಯೊಂದೂ ಮೊಟ್ಟೆ ಇಡುವುದೇ. ಎರಡನೆಯದು ಮ್ಯಾಕ್ರೋಕ್ಲಾಮಿಸ್ ಬಳಗದ್ದು, ನಮ್ಮದೇ ದೇಶದ್ದು, ಎಳೆ ಎಲೆ ಸಿಕ್ಕರೆ ಅದೂ ಬಿಡುವುದಿಲ್ಲ. ಮೂರನೆಯದು ಬಡಪಾಯಿ, ಜಾಸ್ತಿ ಕೊಳೆತ ಎಲೆ ಕಸ ತಿಂದು ಬದುಕುತ್ತದೆ. ಅದನ್ನು ಕೊಲ್ಲಬೇಡಿ. ನಾಲ್ಕು ಚಿಪ್ಪಿಲ್ಲದ ಬಸವನ ಹುಳು.

ಇವೆಲ್ಲ ಶ್ವಾಸಕೋಶದಿಂದ ಉಸಿರಾಡುತ್ತವೆ. ಕುತ್ತಿಗೆ ಹತ್ತಿರ, ಬಲಗಡೆ, ಒಂದು ಸಣ್ಣ ತೂತು ತೆರೆದು ಮುಚ್ಚಿ ಮಾಡುವುದು ಕಾಣುತ್ತದೆ. ಮಗಳಿಗೆ ತೋರಿಸಿ. ಹೀಗೆ ಗಾಳಿ ಉಸಿರಾಡುವ ಬಸವನ ಹುಳುಗಳನ್ನು ಪಲ್ಮೊನೇಟಾ ಅನ್ನುತ್ತಾರೆ. ನಿಮ್ಮ ಐದೂ ಆ ವರ್ಗವೇ.

ಚಿಂಚೋಳಿ ಕಾಡು
ಮಾಸ್ತರ್ ಸರ್, ಕ್ಷಮೆ ಇರಲಿ, ಎರಡು ತಪ್ಪು ಇವೆ.

ಐದನೆಯದಕ್ಕೆ ಮುಚ್ಚಳ ಇದೆ ಅಂದಿದ್ದಾರೆ. ಅದು ಪೈಲಾ, ಕೆರೆ ಹೊಂಡದ ಬಸವನ ಹುಳು. ಅದಕ್ಕೆ ಶ್ವಾಸಕೋಶವೂ ಇದೆ, ಕಿವಿರೂ ಇದೆ. ಹೊಂಡ ಬತ್ತಿದರೆ ಕೆಸರಿನಲ್ಲಿ ಹೂತುಕೊಂಡು ಮುಚ್ಚಳ ಹಾಕಿಕೊಂಡು ಮಳೆಗೆ ಕಾಯುತ್ತದೆ. ಗಾಳಿ ಉಸಿರಾಡುತ್ತದೆ ಅನ್ನುವುದು ನಿಜ, ಆದರೆ ಉಳಿದ ನಾಲ್ಕಕ್ಕೂ ಅದಕ್ಕೂ ದೂರದ ಸಂಬಂಧ. ಅದರಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಹೊಲಕ್ಕೆ ಬಂದು ಸೋಯಾ ತಿನ್ನುವ ಗಿರಾಕಿ ಅಲ್ಲ.

ಇನ್ನೊಂದು, ನಾಲ್ಕನೆಯದು. ಚಪ್ಪಟೆ, ಕಪ್ಪು, ಬೆನ್ನ ಮಧ್ಯೆ ತಿಳಿ ಗೆರೆ, ಮುಟ್ಟಿದರೆ ಚರ್ಮದ ಚಪ್ಪಲಿ ಥರ. ಇದು ಲೀವಿಕಾಲಿಸ್ ಆಲ್ಟೆ. ಇದೂ ಆಫ್ರಿಕಾದ್ದೇ. ಕುತ್ತಿಗೆ ಬಲಗಡೆ ತೂತು ಹುಡುಕಿದರೆ ಮಗಳಿಗೆ ಸಿಗುವುದಿಲ್ಲ, ಸುಮ್ನೆ ಬೇಜಾರಾಗುತ್ತಾಳೆ. ಉಸಿರಾಟ ಹೆಚ್ಚಾಗಿ ಚರ್ಮದಿಂದಲೇ.

ಮತ್ತೆ ಅವ್ವನಿಗೆ ಹೇಳಿ, ಜಿಗಳೆ ರಕ್ತ ಹೀರುತ್ತದೆ, ಇದು ಎಲೆ ತಿನ್ನುತ್ತದೆ.

ಜೀವಶಾಸ್ತ್ರ ಮಾಸ್ತರ್
ಫೋಟೋ ಮೊಬೈಲಿನಲ್ಲಿ ಸಣ್ಣದಾಗಿ ಕಂಡಿತು. ಪೈಲಾ ಅಂತ ಗುರುತಿಸದೇ ಹೋದೆನಲ್ಲ! ಅದನ್ನು ಎಷ್ಟು ವರ್ಷ ಟ್ರೇ ಮೇಲೆ ಕೊಯ್ದಿದ್ದೇನೋ ಲೆಕ್ಕ ಇಲ್ಲ. ಪೈಲಾ ಒಪ್ಪಿದೆ. ಆದರೆ ಉಳಿದವು ಪಲ್ಮೊನೇಟಾ ತಾನೇ?

ಚಿಂಚೋಳಿ ಕಾಡು
ಆ ಹೆಸರಿನ ಮನೆಯೇ ಈಗ ಒಡೆದು ಹೋಗಿದೆ ಸರ್.

ನೀವು ಓದಿದಾಗ ಮೂರು ಗುಂಪು ಇದ್ದವು. ಕಿವಿರು ಮುಂದೆ ಇರುವವು, ಕಿವಿರು ಹಿಂದೆ ಇರುವವು, ಶ್ವಾಸಕೋಶ ಇರುವವು. ನೋಡಲು ಅಚ್ಚುಕಟ್ಟು. ನಂತರ ಡಿಎನ್‌ಎ ಹಿಡಿದು ವಂಶ ನೋಡಿದಾಗ ಗಡಿಬಿಡಿ ಶುರುವಾಯಿತು. ಕಡಲಿನಲ್ಲಿ ಪಾಚಿಯ ರಸ ಹೀರುವ, ಚಿಪ್ಪಿಲ್ಲದ ಕೆಲವು ಹಸಿರು ಬಸವನ ಹುಳುಗಳು ಶಂಖದ ಹುಳುವಿಗೆ ಹತ್ತಿರದ ನೆಂಟರು ಅಂತ ಬಂತು. ಅವನ್ನು ಹೊರಗಿಟ್ಟರೆ ಪಲ್ಮೊನೇಟಾ ಅರ್ಧ ಮನೆ ಆಗುತ್ತದೆ. 2010ರಲ್ಲಿ ಅವನ್ನೂ ಒಳಗೆ ಸೇರಿಸಿ ಪ್ಯಾನ್‌ಪಲ್ಮೊನೇಟಾ ಅಂತ ದೊಡ್ಡ ಮನೆ ಕಟ್ಟಿದರು. ಶ್ವಾಸಕೋಶ ಇಲ್ಲದವರೂ ಈಗ ಅದೇ ಮನೆಯವರು!

ಹೊಲದಲ್ಲಿ ಗುರುತಿಸಲು ಸುಲಭದ ದಾರಿ ಕಣ್ಣು. ಎರಡು ಜೊತೆ ಕೊಂಬು ಇದ್ದು, ಉದ್ದ ಕೊಂಬಿನ ತುದಿಯಲ್ಲಿ ಕಣ್ಣು ಇದ್ದು, ಮುಟ್ಟಿದರೆ ಕಾಲುಚೀಲ ಒಳಮಗ್ಗಲು ತಿರುಗಿಸಿದ ಹಾಗೆ ಒಳಗೆ ಎಳೆದುಕೊಂಡರೆ ಅದು ಸ್ಟೈಲೊಮ್ಯಾಟೊಫೊರಾ. ನೆಲದ ಬಸವನ ಹುಳುಗಳಲ್ಲಿ ಬಹುಪಾಲು ಇವೇ. ಜಗತ್ತಿನಲ್ಲಿ 20,000ಕ್ಕೂ ಹೆಚ್ಚು ಜಾತಿ. ಒಂದೇ ಜೊತೆ ಕೊಂಬು, ಕಣ್ಣು ಕೊಂಬಿನ ಬುಡದಲ್ಲಿ ಇದ್ದರೆ ಹೆಚ್ಚಾಗಿ ಕೆರೆ ಹೊಂಡದವು. ಭಾಲ್ಕಿ ಅಣ್ಣನ 1, 2, 3 ಸ್ಟೈಲೊಮ್ಯಾಟೊಫೊರಾ. 4ರ ಕೊಂಬು ಒಳಮಗ್ಗಲು ತಿರುಗುವುದಿಲ್ಲ, ಕುಗ್ಗುತ್ತದೆ ಅಷ್ಟೇ. ಅದರ ಗುಂಪು ಬೇರೆ.

ಕಾರಂಜಾ ಕಾಲುವೆ
ಇಷ್ಟೆಲ್ಲ ಓದುವಷ್ಟರಲ್ಲಿ ಅವರ ಇನ್ನೂ ಎರಡು ಸಾಲು ಹೋಗಿರುತ್ತದೆ.

ಜೀವಶಾಸ್ತ್ರ ಮಾಸ್ತರ್
ಮೂವತ್ತು ವರ್ಷ ಹುಡುಗರಿಗೆ ಮೂರು ಗುಂಪು ಬರೆಸಿದ್ದೇನೆ. ಬರೆಯದವರಿಗೆ ಮಾರ್ಕ್ಸ್ ಕಟ್ ಮಾಡಿದ್ದೇನೆ. ಈಗ ಅವರನ್ನೆಲ್ಲ ಎಲ್ಲಿ ಹುಡುಕಲಿ!

ಆದರೂ ಒಂದು ಮಾತು ತಮ್ಮಾ. ಪಲ್ಮೊನೇಟ್ ಅನ್ನುವ ಮಾತನ್ನು ಈಗಲೂ ಎಲ್ಲರೂ ಆಡುತ್ತಾರೆ. ಮನೆ ಒಡೆದರೂ ಅಡ್ಡಹೆಸರು ಉಳಿಯುತ್ತದೆ.

ಚಿಂಚೋಳಿ ಕಾಡು
ಅದು ಒಪ್ಪಿದೆ ಸರ್. 🙏 ಉಸಿರಾಟ ಹೇಳುತ್ತದೆ, ವಂಶ ಹೇಳುವುದಿಲ್ಲ, ಅಷ್ಟೇ ನನ್ನ ತಕರಾರು. ನೀರು ಬಿಟ್ಟು ನೆಲಕ್ಕೆ ಬರುವ ಕೆಲಸವನ್ನು ಬಸವನ ಹುಳುಗಳು ಒಂದೇ ಸಲ ಮಾಡಿಲ್ಲ. ಬೇರೆ ಬೇರೆ ಮನೆತನದವರು ಬೇರೆ ಬೇರೆ ಕಾಲದಲ್ಲಿ ಬಂದರು. ಪಶ್ಚಿಮ ಘಟ್ಟದಲ್ಲಿ ಎಲೆ ರಾಶಿ ಕೆದಕಿದರೆ ಮುಚ್ಚಳ ಇರುವ ನೆಲದ ಬಸವನ ಹುಳು ಸಿಗುತ್ತದೆ, ಸೈಕ್ಲೊಫೊರಸ್. ನೆಲದ ಮೇಲೆಯೇ ಹುಟ್ಟಿ ಸಾಯುತ್ತದೆ, ಗಾಳಿಯೇ ಉಸಿರು, ಆದರೆ ವಂಶ ನೋಡಿದರೆ ಶಂಖದ ಹುಳುವಿಗಿಂತ ಪೈಲಾಕ್ಕೆ ಹತ್ತಿರ.

ಹುಮನಾಬಾದ್ ಹೈವೇ
ಆಫ್ರಿಕಾದ್ದು ನಮ್ಮೂರಿಗೆ ಹೇಗೆ ಬಂತು? ನಡೆದುಕೊಂಡು ಬಂತಾ?

ಬೀದರ್ ಚೌಬಾರಾ
ಸಾಹೇಬರೊಬ್ಬರು ತಂದರು. ವಿಲಿಯಂ ಬೆನ್ಸನ್ ಅಂತ, ಬಂಗಾಳದಲ್ಲಿ ಕಂಪನಿ ಸರ್ಕಾರದ ಅಧಿಕಾರಿ. ಚಿಪ್ಪಿನ ಹುಚ್ಚು. 1847ರಲ್ಲಿ ಮಾರಿಷಸ್‌ನಿಂದ ಕೆಲವನ್ನು ತಂದು ಕಲ್ಕತ್ತಾದ ಚೌರಂಗಿಯ ತೋಟದಲ್ಲಿ ಬಿಟ್ಟರು. ಅಲ್ಲಿಂದ ಶುರು. ಮಾರಿಷಸ್‌ಗೂ ಅದು ಹೊರಗಿನದೇ, ತವರು ಪೂರ್ವ ಆಫ್ರಿಕಾ. ನಮ್ಮ ಕಡೆ ನರ್ಸರಿ ಗಿಡದ ಮಣ್ಣಿನಲ್ಲಿ, ಲಾರಿಯ ಸರಕಿನಲ್ಲಿ ಬಂದಿರಬೇಕು.

ಆ ಕಾಲದ ಸಾಹೇಬರಿಗೆ ಈ ಹುಚ್ಚು ಭಾಳ ಇತ್ತು. ಕೆ2 ಪರ್ವತದ ಸುತ್ತ ಸರ್ವೆ ಮಾಡಿದ ಗಾಡ್ವಿನ್ ಆಸ್ಟಿನ್ ಕೂಡ ಆಮೇಲೆ ವರ್ಷಗಟ್ಟಲೆ ಭಾರತದ ಬಸವನ ಹುಳು ಹಿಡಿದು ಕೂತರು. ಅಷ್ಟೆತ್ತರ ನೋಡಿದ ಮೇಲೆ ಇಷ್ಟು ಸಣ್ಣದನ್ನು ನೋಡುವ ಮನಸ್ಸು ಬಂದಿರಬೇಕು ನೋಡಿ.

ಹುಮನಾಬಾದ್ ಹೈವೇ
ಯೂಟ್ಯೂಬಿನಲ್ಲಿ ನೋಡಿದೆ, ಬಸವನ ಹುಳುವನ್ನೇ ಹಿಡಿದು ತಿನ್ನುವ ಬಸವನ ಹುಳು ಇದೆಯಂತೆ. ಸರ್ಕಾರ ಅದನ್ನು ತರಿಸಿ ಬಿಡಬೇಕು.

ಚಿಂಚೋಳಿ ಕಾಡು
ಬೇಡ ಅಣ್ಣಾ, ಆ ಪಾಠ ಬೇರೆಯವರು ಕಲಿತಾಗಿದೆ. ಅದು ಯೂಗ್ಲಾಂಡಿನಾ. ಇದೇ ಆಫ್ರಿಕಾದ ಹುಳುವನ್ನು ತಿನ್ನಲಿ ಅಂತ 1955ರಲ್ಲಿ ಹವಾಯಿ ದ್ವೀಪಕ್ಕೆ ತಂದರು. ಅದು ದೊಡ್ಡದನ್ನು ಬಿಟ್ಟು, ಆ ದ್ವೀಪ ಬಿಟ್ಟು ಬೇರೆಲ್ಲೂ ಇಲ್ಲದ ಮರದ ಸಣ್ಣ ಬಸವನ ಹುಳುಗಳನ್ನು ತಿಂದಿತು. ಎಷ್ಟೋ ಜಾತಿ ಪೂರ್ತಿ ಹೋದವು. ಒಂದು ಜಾತಿಯ ಕೊನೆಯ ಹುಳುವಿಗೆ ಜಾರ್ಜ್ ಅಂತ ಹೆಸರಿಟ್ಟು ಲ್ಯಾಬಿನಲ್ಲಿ ಸಾಕಿದ್ದರು, 2019ರ ಹೊಸ ವರ್ಷದ ದಿನ ಅದೂ ಸತ್ತಿತು.

ನಮ್ಮಲ್ಲೂ ಕಳೆದುಕೊಳ್ಳುವುದು ಇದೆ. ಭಾರತದಲ್ಲಿ ನೆಲದ ಬಸವನ ಹುಳು ಸಾವಿರಕ್ಕೂ ಹೆಚ್ಚು ಜಾತಿ. ಪಶ್ಚಿಮ ಘಟ್ಟ ಒಂದರಲ್ಲೇ ಸುಮಾರು 270, ಅದರಲ್ಲಿ ಮುಕ್ಕಾಲು ಪಾಲು ಬೇರೆಲ್ಲೂ ಸಿಗುವುದಿಲ್ಲ.

ಸೇಡಂ ಕಲ್ಲು
ಎಲ್ಲರೂ ಘಟ್ಟ ಘಟ್ಟ ಅನ್ನುತ್ತೀರಿ. ನಮ್ಮ ಕಡೆಯೂ ಬನ್ನಿ. ಚಿಪ್ಪು ಕಟ್ಟಲು ಬಸವನ ಹುಳುವಿಗೆ ಸುಣ್ಣ ಬೇಕು. ಸೇಡಂ, ಶಹಾಬಾದ್, ಚಿತ್ತಾಪುರ ಪೂರ್ತಿ ಸುಣ್ಣದ ಕಲ್ಲು, ಸಿಮೆಂಟ್ ಫ್ಯಾಕ್ಟರಿ ಸುಮ್ನೆ ಬಂದಿಲ್ಲ. ಮಳೆಗಾಲದಲ್ಲಿ ನಮ್ಮ ಮನೆ ಹಿಂದಿನ ಪರಸಿ ಕಲ್ಲಿನ ಗೋಡೆ ಮೇಲೆ ಸಾಲಾಗಿ ಕೂತು ಗೋಡೆಯನ್ನೇ ನೆಕ್ಕುತ್ತವೆ. ಬೀದರ್ ಕೆಂಪು ಜಂಬಿಟ್ಟಿಗೆ, ಅದರಲ್ಲಿ ಸುಣ್ಣ ಎಲ್ಲಿಂದ ಬರಬೇಕು?

ಬೀದರ್ ಚೌಬಾರಾ
ಬೀದರ್ ಮೇಲೆ ಕಲ್ಲೆಸೆಯದೆ ನಿಮಗೆ ಊಟ ಸೇರುವುದಿಲ್ಲ ಅಲ್ವಾ?

ಸೇಡಂ ಕಲ್ಲು
ಎಸೆಯುವ ಕಲ್ಲೂ ನಮ್ಮದೇ. 😄

ಆದರೆ ನನಗೊಂದು ಡೌಟು. ಮೇ ತಿಂಗಳಲ್ಲಿ ಕಲಬುರಗಿ ಬಿಸಿಲಿಗೆ ಮನುಷ್ಯರೇ ಒಣಗುತ್ತೇವೆ. ಇವು ಎಲ್ಲಿ ಹೋಗುತ್ತವೆ? ಒಂದು ಮಳೆ ಬಿದ್ದರೆ ಸಾಕು, ಯಾರೋ ಚೀಲದಿಂದ ಸುರಿದ ಹಾಗೆ ಬರುತ್ತವೆ.

ಜೀವಶಾಸ್ತ್ರ ಮಾಸ್ತರ್
ಇದು ನನಗೆ ಬಿಡಿ. ಬಿಸಿಲು ಏರಿದ ಹಾಗೆ ಮಣ್ಣಿನ ಬಿರುಕು, ಕಲ್ಲಿನ ಸಂದು ಸೇರುತ್ತವೆ. ಚಿಪ್ಪಿನೊಳಗೆ ಹೋಗಿ ಲೋಳೆಯಿಂದ ಬಾಯಿಗೆ ಪರದೆ ಕಟ್ಟುತ್ತವೆ. ಒಣಗಿದರೆ ಅದು ಕಾಗದದಂತೆ ಆಗುತ್ತದೆ, ಕೆಲವು ಅದಕ್ಕೆ ಸುಣ್ಣವನ್ನೂ ಸೇರಿಸುತ್ತವೆ. ಉಸಿರು, ಎದೆಬಡಿತ ಎಲ್ಲ ತೀರ ನಿಧಾನ. ಪೈಲಾದ ಮುಚ್ಚಳ ಹುಟ್ಟಿನಿಂದ ಬಂದದ್ದು, ಕಾಲಿಗೇ ಅಂಟಿರುತ್ತದೆ. ಇದು ಬೇಕಾದಾಗ ಕಟ್ಟಿ, ಮಳೆ ಬಂದಾಗ ಒಡೆಯುವ ಬಾಗಿಲು.

ಇವು ಎಷ್ಟು ಗಟ್ಟಿ ಅಂದರೆ, ಈಜಿಪ್ಟಿನ ಮರುಭೂಮಿಯ ಒಂದು ಚಿಪ್ಪನ್ನು 1846ರ ಮಾರ್ಚಿನಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ರಟ್ಟಿಗೆ ಗೋಂದು ಹಚ್ಚಿ ಅಂಟಿಸಿದ್ದರು. ಸತ್ತಿದೆ ಅಂತಲೇ ಲೆಕ್ಕ. 1850ರ ಮಾರ್ಚಿನಲ್ಲಿ ಯಾರಿಗೋ ಅನುಮಾನ ಬಂತು, ಉಗುರುಬೆಚ್ಚಗಿನ ನೀರಿಗೆ ಹಾಕಿದರು, ಹುಳು ಹೊರಗೆ ಬಂತು! ನಾಲ್ಕು ವರ್ಷ, ಅನ್ನ ಇಲ್ಲ, ನೀರಿಲ್ಲ.

ಅದಕ್ಕೇ ಭಾಲ್ಕಿಯವರೇ, ಈ ವರ್ಷ ಆರಿಸಿದರೆ ಮುಗಿಯಿತು ಅಂದುಕೊಳ್ಳಬೇಡಿ. ಬದುವಿನ ಕಸ, ಕಲ್ಲು ರಾಶಿ ಬೇಸಿಗೆಯಲ್ಲೇ ತೆಗೆಯಿರಿ.

ಗುರುಮಠಕಲ್ ಅಕ್ಕ
ನಮ್ಮ ಪಕ್ಕದ ತೆಲುಗು ಸೀಮೆಯವರು ಕೆರೆಯದ್ದನ್ನು ನತ್ತಲು ಅಂತ ಕೂರ (ಪಲ್ಯ) ಮಾಡುತ್ತಾರೆ. ಭಾಲ್ಕಿ ಅಣ್ಣ ಒಂದು ಬಕೆಟ್ ಕಳಿಸಿ ಕೊಡಬಹುದು.

ಎರಿ ಹೊಲ
ಅಕ್ಕಾ ಹೊಲದ್ದನ್ನು ಮಾತ್ರ ಬೇಡ. ಆಫ್ರಿಕಾದ ಹುಳುವಿನಲ್ಲಿ ಇಲಿಯ ಶ್ವಾಸಕೋಶದ ಜಂತು ಇರಬಹುದು, ಅದು ಮನುಷ್ಯರ ಮಿದುಳಿನ ಪೊರೆಗೆ ಹೋಗುತ್ತದೆ. ಬರಿಗೈಯಲ್ಲಿ ಮುಟ್ಟುವುದೂ ಬೇಡ, ಮಕ್ಕಳಂತೂ ಬೇಡವೇ ಬೇಡ. ಕೈಗೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಆರಿಸಿ. ಸೊಪ್ಪು ಚೆನ್ನಾಗಿ ತೊಳೆಯಿರಿ.

ಗುರುಮಠಕಲ್ ಅಕ್ಕ
ಅಯ್ಯೋ ತಮಾಷೆಗೆ ಅಂದೆ. ನಾವು ಲಿಂಗಾಯತರು!

ದನದ ಡಾಕ್ಟರ್
ಹೊಂಡದ ಮಾತು ಬಂತಲ್ಲ, ಒಂದು ಹೇಳಿ ಹೋಗುತ್ತೇನೆ. ಕೆರೆ ದಂಡೆಯಲ್ಲಿ ಚಕ್ಕುಲಿ ಥರ ಚಪ್ಪಟೆ ಸುತ್ತಿದ ಬಸವನ ಹುಳು ನೋಡಿರುತ್ತೀರಿ. ಇಂಡೊಪ್ಲಾನಾರ್ಬಿಸ್. ಒಡೆದರೆ ಕೆಂಪು ನೀರು ಬರುತ್ತದೆ, ಅದರ ರಕ್ತದಲ್ಲಿ ನಮ್ಮ ಹಾಗೆ ಹಿಮೋಗ್ಲೋಬಿನ್ ಇದೆ. ನೆಲದ ಬಸವನ ಹುಳುಗಳ ರಕ್ತದಲ್ಲಿ ತಾಮ್ರ, ತಿಳಿ ನೀಲಿ. ಎತ್ತು ಗೊರ್ ಗೊರ್ ಅಂತ ಮೂಗಿನಲ್ಲಿ ಸದ್ದು ಮಾಡುತ್ತದಲ್ಲ, ಆ ರೋಗದ ಜಂತು ಈ ಕೆಂಪು ರಕ್ತದ ಹುಳುವಿನ ಮೈಯಲ್ಲೇ ಬೆಳೆದು ನೀರಿಗೆ ಬರುತ್ತದೆ. ನಿಂತ ನೀರಿಗೆ ದನ ಇಳಿಸಬೇಡಿ ಅಂತ ನಾನು ಬಾಯಿ ಬಡಿದುಕೊಳ್ಳುವುದು ಇದಕ್ಕೇ.

ಭಾಲ್ಕಿ ಸೋಯಾ
ಎಲ್ಲರಿಗೂ ಧನ್ಯವಾದ. ಕೈಗವಸು ಇಲ್ಲದೆ ಮುಟ್ಟಿದ್ದೆವು, ಇವತ್ತು ಸೋಪು ಹಚ್ಚಿ ಎರಡು ಸಲ ತೊಳೆದೆವು. ಹಾಗಾದರೆ 1, 2, 4 ಆರಿಸಬೇಕು, 3 ಬಿಡಬೇಕು, 5 ಹೊಂಡಕ್ಕೆ ವಾಪಸ್. ಸರಿನಾ? ರಾತ್ರಿಯೆಲ್ಲ ಆರಿಸಲು ಆಳು ಸಿಗುವುದಿಲ್ಲ. ಗುಳಿಗೆ ಏನಾದರೂ ಇದೆಯಾ?

ಇನ್ನೊಂದು, ಮಗಳು ಹೇಳುತ್ತಾಳೆ, ಚಪ್ಪಟೆ ಥರದ್ದರಲ್ಲಿ ಒಂದು ಚಿಪ್ಪಿನ ಬಾಯಿ ಎಡಗಡೆ ಇದೆಯಂತೆ, ಉಳಿದದ್ದು ಬಲಗಡೆ.

ಔರಾದ್ ಗಡಿ
ಲಾತೂರಿನವರು ಮಾಡಿದ್ದು ಹೇಳುತ್ತೇನೆ. ಗೋಣಿಚೀಲ ಬೆಲ್ಲದ ನೀರಿನಲ್ಲಿ ಅದ್ದಿ ಸಂಜೆ ಬದುವಿನ ಉದ್ದಕ್ಕೂ ಹಾಸಿ. ಬೆಳಿಗ್ಗೆ ಬಿಸಿಲೇರುವ ಮೊದಲು ಎತ್ತಿ ನೋಡಿ, ಕೆಳಗೆ ಜಾತ್ರೆ ಇರುತ್ತದೆ. ಬದುವಿಗೆ ಸುಣ್ಣದ ಪುಡಿ ಗೆರೆ ಎಳೆಯಿರಿ, ಒಣ ಸುಣ್ಣ ದಾಟುವುದಿಲ್ಲ. ಮಳೆ ಬಿದ್ದರೆ ಮತ್ತೆ ಎಳೆಯಬೇಕು. ಗುಳಿಗೆ ಮೆಟಾಲ್ಡಿಹೈಡ್ ಅಂತ ಬರುತ್ತದೆ, 2.5 ಪರ್ಸೆಂಟ್. ಆದರೆ ನಾಯಿ ತಿಂದರೆ ಸಾಯುತ್ತದೆ. ನಮ್ಮ ಬೀಗರ ನಾಯಿ ಹೀಗೇ ಹೋಯಿತು.

ಎರಿ ಹೊಲ
ಮತ್ತೆ ಆ ಗುಳಿಗೆಗೆ 1, 2, 3 ಎಲ್ಲ ಒಂದೇ. ನಿಮ್ಮ ಅಕ್ಕಿಕಾಳೂ ಹೋಗುತ್ತದೆ. ಮೊದಲು ಚೀಲ ಹಾಸಿ.

ಹುಮನಾಬಾದ್ ಹೈವೇ
ಎಡಗಡೆನಾ? ಎಸೆಯಬೇಡಿ ಅಣ್ಣಾ! ಬಲಮುರಿ ಶಂಖ ಲಕ್ಷಗಟ್ಟಲೆ ಬೆಲೆ ಬಾಳುತ್ತದೆ, ಇದೂ ಹಾಗೇ ಇರಬೇಕು.

ಕಾರಂಜಾ ಕಾಲುವೆ
ಅವರು ಎಡ ಅಂದರು, ನೀವು ಬಲ ಅನ್ನುತ್ತೀರಿ. ಓದಿ ಬರೆಯಿರಿ.

ಚಿಂಚೋಳಿ ಕಾಡು
ಇಬ್ಬರೂ ಸರಿ, ಅದೇ ಮಜಾ. ವಿಜ್ಞಾನದವರು ಚಿಪ್ಪಿನ ಸುತ್ತು ಶುರುವಾಗುವ ಮೊನೆ ಮೇಲೆ ಮಾಡಿ, ಬಾಯಿ ತಮ್ಮ ಕಡೆ ತಿರುಗಿಸಿ ಹಿಡಿಯುತ್ತಾರೆ. ಬಾಯಿ ಬಲಕ್ಕೆ ಬಂದರೆ ಬಲಸುತ್ತು. ಪೂಜೆಯವರು ಶಂಖದ ಅದೇ ಮೊನೆ ಕೆಳಗೆ ಮಾಡಿ ಹಿಡಿಯುತ್ತಾರೆ. ಹಾಗಾಗಿ ಅವರ ಬಲಮುರಿ ಇವರ ಲೆಕ್ಕದಲ್ಲಿ ಎಡಸುತ್ತು. ಅಪರೂಪ ಅನ್ನುವುದರಲ್ಲಿ ಮಾತ್ರ ಜಗಳ ಇಲ್ಲ. ಮಾರುವವರು ಅಮೆರಿಕದ ಕಡಲಿನ ಬೇರೆ ಜಾತಿಯ ಶಂಖ ತಂದು ಬಲಮುರಿ ಅಂತ ಅಂಟಿಸುತ್ತಾರೆ, ಆ ಜಾತಿಯಲ್ಲಿ ಎಡಸುತ್ತೇ ಮಾಮೂಲು.

ಬಸವನ ಹುಳುಗಳಲ್ಲೂ ಅರಿಯೊಫ್ಯಾಂಟಾ ಲೀವಿಪೆಸ್ ಅಂತ ಒಂದಿದೆ, ಅದು ಎಡಸುತ್ತಿನದೇ. ಬಲಸುತ್ತಿನ ಜಾತಿಯಲ್ಲಿ ಎಡದ್ದು ಹುಟ್ಟಿದರೆ ಮಾತ್ರ ಕಷ್ಟ, ಜೋಡಿ ಕೂಡುವುದಿಲ್ಲ. 2016ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ಜೆರೆಮಿ ಅನ್ನುವ ಎಡಸುತ್ತಿನ ಹುಳುವಿಗೆ ವರ ಹುಡುಕಿ ಪೇಪರಿನಲ್ಲಿ ಹಾಕಿಸಿದರು. ಎರಡು ಸಿಕ್ಕವು. ಆ ಎರಡೂ ಜೆರೆಮಿಯನ್ನು ಬಿಟ್ಟು ತಮ್ಮಲ್ಲೇ ಕೂಡಿಕೊಂಡವು! 2017ರಲ್ಲಿ ಸಾಯುವ ಮುಂಚೆ ಜೆರೆಮಿಗೂ ಮಕ್ಕಳಾದವು. ಎಲ್ಲ ಬಲಸುತ್ತು.

ಗುರುಮಠಕಲ್ ಅಕ್ಕ
ಪಾಪ. ನಮ್ಮ ಓಣಿಯಲ್ಲೂ ಇಂಥ ಒಂದು ಸಂಬಂಧ ಆಗಿದೆ, ಹೆಸರು ಹೇಳುವುದಿಲ್ಲ.

ಭಾಲ್ಕಿ ಸೋಯಾ
ಎಂಟು ಚೀಲ ಹಾಸಿದ್ದೆವು. ಬೆಳಿಗ್ಗೆ ಎರಡು ಬಕೆಟ್. ಬಹುಪಾಲು ಒಂದನೆಯ ಥರ, ಒಂದು ಹಿಡಿ ಚಪ್ಪಟೆಯದು, ಕಪ್ಪು ನಾಲ್ಕೇ ನಾಲ್ಕು. ಅಕ್ಕಿಕಾಳನ್ನು ಮಗಳು ಒಂದೊಂದಾಗಿ ಕಡ್ಡಿಯಿಂದ ಎತ್ತಿ ಕಸದ ತಿಪ್ಪೆಗೆ ಬಿಟ್ಟು ಬಂದಳು, ಸ್ಕೂಲಿಗೆ ಲೇಟು. ಸುಣ್ಣ ನಾಳೆ ತರುತ್ತೇನೆ.

ಚಿಂಚೋಳಿ ಕಾಡು
ಆ ಎಡಸುತ್ತಿನದು ಇಟ್ಟಿದ್ದೀರಾ? ಚಿಪ್ಪಿನ ಫೋಟೋ ಹಾಕಿ ಅಣ್ಣಾ. ಮೊನೆ ಮೇಲೆ ಮಾಡಿ ಹಿಡಿಯಲು ಹೇಳಿ.

ಭಾಲ್ಕಿ ಸೋಯಾ
ಅದೇ ಆಯಿತು ನೋಡಿ. ಪೂಜೆಯವರ ಹಾಗೆ ತಲೆಕೆಳಗೆ ಹಿಡಿದಿದ್ದಳಂತೆ. ತಿರುಗಿಸಿದರೆ ಬಲಗಡೆಗೇ ಇದೆ.